ಎಲ್ಲೆಯ ಊರಿಗೆ ಚರಿತ್ರೆಯಿಲ್ಲವೆ?

ನಾನು ಬಿ.ಎ. ತರಗತಿಗೆ ಕನ್ನಡ ಪಾಠ ಹೇಳುವವನು. ಈಚೆಗೆ ವಿದ್ಯಾರ್ಥಿಗಳಿಗೆ 'ನನ್ನ ಊರಿನ ಚರಿತ್ರೆ' ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯ ಹುಡುಗನೊಬ್ಬ ನಾಲ್ಕು ಪುಟ ಬರೆದು ತಂದ. ಮೂರೂವರೆ ಪುಟ ಬೇಲೂರಿನ ಶಿಲಾಬಾಲಿಕೆಯರು. ಉಳಿದ ಅರ್ಧ ಪುಟದಲ್ಲಿ, ವನವಾಸದ ಪಾಂಡವರು ಅವನ ಊರಿನಲ್ಲಿ ಒಂದು ರಾತ್ರಿ ತಂಗಿದ್ದರೆಂಬ ವಾರ್ತೆ. "ಊರಿನ ವಿಷಯ ಎಲ್ಲಯ್ಯಾ?" ಎಂದು ಕೇಳಿದೆ. "ನಮ್ಮದು ಎಲ್ಲೆ ಮೇಲಿನ ಸಣ್ಣ ಹಳ್ಳಿ ಸಾರ್. ಅಲ್ಲಿ ಚರಿತ್ರೆ ಏನೂ ಇಲ್ಲ" ಎಂದ.

ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮಾತನ್ನು ಅವನಿಗೆ ಕಲಿಸಿದವರು ನಾವೇ, ಅಧ್ಯಾಪಕರು. ಶಾಸನವನ್ನು ಪಾಠಮಾಡುವಾಗ ನಾವು ಮಾಡುವುದೇನು? ಅರಸನ ಬಿರುದಾವಳಿಯನ್ನು ರಾಗವಾಗಿ ಓದುತ್ತೇವೆ, ಶಬ್ದಾಲಂಕಾರಕ್ಕೆ ತಲೆದೂಗುತ್ತೇವೆ. ಕೊನೆಗೆ ದತ್ತಿಬಿಟ್ಟ ಭೂಮಿಯ ಚತುಸ್ಸೀಮೆ ಬಂತೋ, 'ಇದು ಪರೀಕ್ಷೆಗೆ ಬೇಡ' ಎಂದು ಪುಸ್ತಕ ಮುಚ್ಚುತ್ತೇವೆ. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕೆರೆಯ ಕೋಡಿ, ಪಡುವಲಿಗೆ ಯಾವ ಹುಣಿಸೆಯ ಮರ, ಬಡಗಲಿಗೆ ಯಾರ ಊರಿನ ದಾರಿ ಎಂದು ಶಾಸನಕಾರ ಮೈಯೆಲ್ಲ ಕಣ್ಣಾಗಿ ಗುರುತಿಸಿದ ಸಾಲುಗಳವು. ಬಿರುದುಗಳು ಅರಸನವು, ಅವನು ಹೋದಮೇಲೆ ಹೋದವು. ಆ ನಾಲ್ಕು ಎಲ್ಲೆಗಳು ಊರಿನವು. ನಾವು ಎಸೆಯುವುದು ಅವನ್ನೇ.

ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನೇ ನೋಡಿ. ವೀರಭದ್ರನ ಗುಡಿಯ ಮುಂದೆ ನಿಂತಿದ್ದ ಒಂದು ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸದೆ ಹೋಗಿದ್ದರೆ, ಸುಮಾರು ಕ್ರಿ.ಶ. 450ರ ಕನ್ನಡ ನಮಗೆ ದಕ್ಕುತ್ತಿರಲಿಲ್ಲ. ಆ ಕಲ್ಲಿನ ವಿಷಯವಾದರೂ ಏನು? ಹೋರಾಡಿದ ವೀರನೊಬ್ಬನಿಗೆ ಎರಡು ಹಳ್ಳಿಗಳನ್ನು ಕೊಟ್ಟದ್ದು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದೇ ಹಳ್ಳಿಯ ಭೂಮಿಯ ಮಾತು ಆಡುತ್ತಿರುವಾಗ, ಹಳ್ಳಿಗೆ ಚರಿತ್ರೆಯಿಲ್ಲವೆನ್ನಲು ನಮಗೆ ಬಾಯಿ ಹೇಗೆ ಬರುತ್ತದೆ?

ಬೇಲೂರು ಹಳೇಬೀಡುಗಳು ನಮ್ಮ ಹೆಮ್ಮೆ. 2023ರಲ್ಲಿ ಸೋಮನಾಥಪುರದೊಡನೆ ಅವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾನೂ ಹಿಗ್ಗಿದ್ದೇನೆ. ಆದರೆ ದೇವಾಲಯವೇನು ಗಾಳಿ ಕುಡಿದು ಬದುಕಿತೆ? ನಂದಾದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ ಬಂದದ್ದು ದತ್ತಿಯ ಹಳ್ಳಿಗಳ ಗದ್ದೆ ಗಾಣಗಳಿಂದ. ಶಿಲ್ಪವನ್ನು ಹೊಗಳಿ, ಅದಕ್ಕೆ ಅನ್ನವಿಟ್ಟ ಊರನ್ನು ಮರೆಯುವುದು ಯಾವ ವಿದ್ವತ್ತು?

ಇನ್ನು ಭೂಗೋಳ. ಗಂಡಸಿ ಅರಸೀಕೆರೆ ತಾಲ್ಲೂಕಿನ ದಕ್ಷಿಣದ ಅಂಚು. ಅದರಾಚೆ ಚನ್ನರಾಯಪಟ್ಟಣದ ಸೀಮೆ. ಇದು ಕಾಗದದ ಎಲ್ಲೆ. ನೀರಿನ ಎಲ್ಲೆ ಬೇರೆಯೇ ಇದೆ. ಹಾಸನ ಜಿಲ್ಲೆಯ ಬಹುಪಾಲು ಮಳೆನೀರು ಕಾವೇರಿಗೆ ಹೋದರೆ, ಅರಸೀಕೆರೆಯ ಉತ್ತರಭಾಗದ ಹಳ್ಳಗಳು ವೇದಾವತಿಯನ್ನು ಸೇರಿ ತುಂಗಭದ್ರೆಯ ಮೂಲಕ ಕೃಷ್ಣೆಯ ಪಾಲಾಗುತ್ತವೆ. ಒಂದೇ ತಾಲ್ಲೂಕಿನ ಮೋಡ ಎರಡು ಮಹಾನದಿಗಳಿಗೆ ಹಂಚಿಹೋಗುತ್ತದೆ! ನೈಲ್ ನದಿಯ ಮೂಲವನ್ನು ಬಾಯಿಪಾಠ ಒಪ್ಪಿಸುವ ನಮ್ಮ ಹುಡುಗನಿಗೆ ತನ್ನ ಊರ ಕೆರೆ ಕೋಡಿಬಿದ್ದರೆ ನೀರು ಎಲ್ಲಿಗೆ ಹರಿಯುತ್ತದೆಂದು ಗೊತ್ತಿಲ್ಲ.

ಸ್ಥಳಪುರಾಣ ಬರೆಯುವ ಮಹನೀಯರ ಮಾತು ಬೇರೆ. ಊರ ಹೆಸರು ಕಂಡರೆ ಸಾಕು, ಅದನ್ನು ಮುರಿದು ಒಳಗೊಬ್ಬ ಋಷಿಯನ್ನೊ ರಾಕ್ಷಸನನ್ನೊ ಕೂರಿಸುತ್ತಾರೆ. ಕಣ್ಣೆದುರಿನ ಹೆಸರು ಮಾತ್ರ ಅವರಿಗೆ ಕಾಣದು. 'ಗಂಡಸಿ ಹ್ಯಾಂಡ್‌ಪೋಸ್ಟ್' ಎಂಬ ಹೆಸರೇ ಸಾಕ್ಷಿ. ದಾರಿ ತೋರುವ ಕೈಮರದ ಇಂಗ್ಲಿಷ್ ಹೆಸರು ಅಲ್ಲಿ ಊರಿನ ಹೆಸರಾಗಿ ನಿಂತಿದೆ. ಚಿಕ್ಕಮಗಳೂರಿನ ಕಡೆ ಅದೇ ಅರ್ಥದ 'ಕೈಮರ', ದಕ್ಷಿಣ ಕನ್ನಡದಲ್ಲಿ 'ಕೈಕಂಬ' ಊರಿನ ಹೆಸರುಗಳಾಗಿವೆ. ದಾರಿ, ವ್ಯಾಪಾರ, ಆಳ್ವಿಕೆ ಮೂರರ ಚರಿತ್ರೆಯೂ ಒಂದು ಹೆಸರಿನಲ್ಲಿದೆ. ಇದಕ್ಕೆ ಪಾಂಡವರನ್ನು ಕರೆಸಿ ತೊಂದರೆ ಕೊಡಬೇಕಾಗಿಲ್ಲ.

ಪ್ರಬಂಧವನ್ನು ಹುಡುಗನಿಗೆ ಹಿಂದಿರುಗಿಸಿ, "ಊರಿಗೆ ಹೋಗಿ ನಿಮ್ಮ ತಾತನನ್ನು ಕೇಳು" ಎಂದೆ. ಹದಿನೈದು ದಿನದ ಮೇಲೆ ಬಂದ. "ಹೊಲದ ತೆವರಿನ ಮೇಲೆ ಲಿಂಗ ಕೆತ್ತಿದ ಒಂದು ಕಲ್ಲು ಇತ್ತಂತೆ ಸಾರ್. ಟ್ರ್ಯಾಕ್ಟರಿಗೆ ಅಡ್ಡವೆಂದು ಕಿತ್ತು ಮೋರಿಯ ಮೇಲೆ ಹಾಸಿದ್ದಾರೆ. ನಾನು ಚಿಕ್ಕಂದಿನಿಂದ ಅದನ್ನೇ ತುಳಿದು ಶಾಲೆಗೆ ಹೋಗಿದ್ದೇನೆ" ಎಂದ. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲನ್ನೂ, ವಿಷ್ಣುವಿಗೆ ಬಿಟ್ಟದ್ದಕ್ಕೆ ವಾಮನಮುದ್ರೆಯ ಕಲ್ಲನ್ನೂ ನೆಡುವುದು ಹಿಂದಿನ ಪದ್ಧತಿ ಎಂದು ಹೇಳಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಅಚ್ಚುಹಾಕಿಸಿದ್ದು 1902ರಲ್ಲಿ. ಅವರು ಪರದೇಶದ ವಂಶದವರು. ಹಳ್ಳಿಹಳ್ಳಿಯ ಕಲ್ಲುಗಳನ್ನು ಓದಿಸಿ ಬರೆಸಿದರು. ನಾವು ಇಲ್ಲೇ ಹುಟ್ಟಿದವರು. ಆ ಪುಸ್ತಕದ ದೂಳು ಒರೆಸಲೂ ಸೋಮಾರಿಗಳು. ನಮ್ಮ ಕಾಲೇಜುಗಳು ವರ್ಷಕ್ಕೊಮ್ಮೆ ಹುಡುಗರನ್ನು ಬಸ್ಸಿನಲ್ಲಿ ತುಂಬಿ ಹಳೇಬೀಡಿಗೆ ಒಯ್ಯುವುದನ್ನು ಒಂದು ವರ್ಷ ನಿಲ್ಲಿಸಲಿ. ಅದೇ ಹುಡುಗರು ಗ್ರಾಮದ ನಕ್ಷೆ ಹಿಡಿದು ತಮ್ಮ ತಮ್ಮ ಊರಿನ ಎಲ್ಲೆಯನ್ನು ಒಮ್ಮೆ ಸುತ್ತಿಬರಲಿ. ಕೆರೆ, ತೂಬು, ವೀರಗಲ್ಲು, ಜನರಿಲ್ಲದೆ ಹೆಸರು ಮಾತ್ರ ಉಳಿದ ಬೇಚರಾಕ್ ಊರು, ಎಲ್ಲವನ್ನೂ ಬರೆದುಕೊಳ್ಳಲಿ. ಕಲ್ಲನ್ನು ಮನೆಗೆ ತರುವುದು ಬೇಡ, ಇದ್ದಲ್ಲೇ ಇರಲಿ.

ಮೊದಲನೆಯ ಕೆಲಸವಾಗಿ, ಆ ಮೋರಿಯ ಕಲ್ಲನ್ನು ಎತ್ತಿಸಿ ನಿಲ್ಲಿಸಲು ಬರುವ ರಜೆಯಲ್ಲಿ ಆ ಹುಡುಗನ ಜೊತೆ ನಾನು ಹೊರಟಿದ್ದೇನೆ. ಬರುವವರು ಬರಬಹುದು.