ಅಕೇಶಿಯಾದ ಅಡಿಯಲ್ಲಿ ಏಳುತ್ತಿರುವ ಕಾಡನ್ನು ಎಣಿಸಿ

ಕರ್ನಾಟಕದ ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಹಾಗೂ ಅರಣ್ಯ ಪಡೆ ಮುಖ್ಯಸ್ಥರಿಗೆ,



ಸಾಗರ, ಸೊರಬ, ಸಿದ್ದಾಪುರದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಅಕೇಶಿಯಾ ತಮಗೆ ಹೊಸದಲ್ಲ. ಆ ಗುಡ್ಡಗಳ ಮುಂದಿನ ಮೂವತ್ತು ವರ್ಷ ಹೇಗಿರಬೇಕು ಎಂಬ ಬಗ್ಗೆ ತಮ್ಮೊಡನೆ ಮಾತನಾಡಬೇಕಿದೆ. ಖಾಸಗಿಯಾಗಿ ಬರೆಯಬಹುದಿತ್ತು. ಆದರೆ ಈ ಗುಡ್ಡಗಳ ಕೆಳಗೆ ತೋಟ, ಗದ್ದೆ, ಬಾವಿ ಇಟ್ಟುಕೊಂಡವರೆಲ್ಲರ ವಿಷಯವಿದು, ಅವರೂ ಓದಲಿ.

ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ಪಪುವಾ ನ್ಯೂಗಿನಿ ಕಡೆಯ ಈ ಮರ ಎಂಬತ್ತರ ದಶಕದಿಂದ ಮಲೆನಾಡಿನ ಗುಡ್ಡಗಳನ್ನು ಆವರಿಸಿತು. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಬೋಳು ಗುಡ್ಡ ನಾಲ್ಕೇ ವರ್ಷದಲ್ಲಿ ಹಸಿರಾಗುತ್ತದೆ. ಸೌದೆಗೂ ಕಾಗದಕ್ಕೂ ಮರ ಬೇಕಿದ್ದ ಕಾಲ ಅದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಸುಮಾರು 20,000 ಹೆಕ್ಟೇರ್ ಅರಣ್ಯಭೂಮಿ ನಲವತ್ತು ವರ್ಷದ ಗುತ್ತಿಗೆಗೆ ಹೋಯಿತು. 2020ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿದ್ದವು. ಆದರೂ ಗುತ್ತಿಗೆಯನ್ನು ಮತ್ತೆ ನಲವತ್ತು ವರ್ಷಕ್ಕೆ ಮುಂದುವರಿಸಲು ಸರ್ಕಾರ ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದರು. ಆ ಕೂಗಿನಲ್ಲಿ ನನ್ನ ದನಿಯೂ ಇದೆ.

ಹಾಗೆಂದು ಇದ್ದ ಅಕೇಶಿಯಾವನ್ನೆಲ್ಲ ಒಂದೇ ಬೇಸಿಗೆಯಲ್ಲಿ ಬೋಳಿಸಿ ಕಾಡುಜಾತಿಯ ಸಸಿ ನೆಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ಕಾರಣ ತೋಪಿನ ಒಳಗೇ ಇದೆ. ಹತ್ತಿರದಲ್ಲೊಂದು ಕಾನು, ಅಂದರೆ ಊರವರು ಕಾಪಾಡಿಕೊಂಡು ಬಂದ ಹಳೆಯ ಕಾಡು, ಉಳಿದಿರುವ ಕಡೆ ಹಳೆಯ ಅಕೇಶಿಯಾ ತೋಪಿಗೆ ನುಗ್ಗಿ ನೋಡಿ. ಒಣಗಿದ ದರಗಿನ ನಡುವೆ ನೇರಲೆ, ಕೌಲು, ಹೊನ್ನೆ, ಮತ್ತಿ, ಕಿಂದಾಳ ಮೇಲೇಳುತ್ತಿರುತ್ತವೆ. ಕೆಲವು ಗಾಳಿಗೆ ಹಾರಿ ಬಂದಿವೆ, ಕೆಲವನ್ನು ಪಿಕಳಾರವೋ ಬಾವಲಿಯೋ ತಂದು ಹಾಕಿದೆ. ತಂಪಿನ ಜಾಗದಲ್ಲಿ ಉಪ್ಪಾಗೆಯೂ ಸಿಗಬಹುದು. ಯಾರೂ ನೆಡದ ಈ ಗಿಡಗಳಿಗಾಗಿ ಸರ್ಕಾರ ಒಂದು ರೂಪಾಯಿಯನ್ನೂ ಖರ್ಚು ಮಾಡಿಲ್ಲ, ಆದ್ದರಿಂದಲೇ ಯಾವ ಕಡತದಲ್ಲೂ ಇವುಗಳ ಹೆಸರಿಲ್ಲ. ಕಟಾವು ಶುರುವಾದರೆ ಉರುಳುವ ದಿಮ್ಮಿಗೂ ಲಾರಿಯ ಚಕ್ರಕ್ಕೂ ಮೊದಲು ಸಿಕ್ಕಿ ನುರಿಯುವುದು ಇವೇ. ಆಮೇಲೆ ಬಿಸಿಲು ಬೀಳುತ್ತದೆ. ಒಂದು ಸಲ ಬೆಂಕಿಯೂ ಹಾಯ್ದರೆ ಮಣ್ಣಿನಲ್ಲಿ ಮಲಗಿದ್ದ ಅಕೇಶಿಯಾ ಬೀಜದ ಗಟ್ಟಿ ಸಿಪ್ಪೆ ಒಡೆದು, ಮುಂದಿನ ಮಳೆಗೆ ರಾಗಿ ಚೆಲ್ಲಿದಂತೆ ಅಕೇಶಿಯಾವೇ ಏಳುತ್ತದೆ.

ಕಾನಿನಿಂದ ದೂರವಿರುವ ತೋಪುಗಳ ಸ್ಥಿತಿ ಬೇರೆ. ಅಲ್ಲಿ ದರಗಿನ ಕೆಳಗೆ ಏನೂ ಇಲ್ಲದಿರಬಹುದು. ಅಂಥಲ್ಲಿ ಮನುಷ್ಯ ಕೈಹಾಕಲೇಬೇಕು. ಕಾನಿನ ಧೂಪದ ಮರವನ್ನೇ ನೋಡಿ. ಅದರ ಬೀಜ ದೊಡ್ಡದು, ತಾಯಿಮರದ ಬುಡ ಬಿಟ್ಟು ದೂರ ಹೋಗದು. ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಅದನ್ನು ಉದುರಿದ ಮಳೆಗಾಲದಲ್ಲೇ ಆಯ್ದು ಬಿತ್ತಿ, ಸಸಿಯನ್ನು ನೆರಳಿನಲ್ಲಿ ಬೆಳೆಸಿ, ನೆರಳಿನಲ್ಲೇ ನೆಡಬೇಕು. ಆ ನೆರಳನ್ನು ಇವತ್ತು ಕೊಡಬಲ್ಲದ್ದು ಅಕೇಶಿಯಾ ಒಂದೇ. ಹಾಗಾಗಿ ಅಕೇಶಿಯಾವನ್ನು ಹಂತಹಂತವಾಗಿ ತೆಗೆಯಿರಿ, ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು, ಅಡಿಯ ಗಿಡ ಎಷ್ಟು ಬಿಸಿಲು ತಾಳುತ್ತದೋ ನೋಡಿಕೊಂಡು.

ಇದನ್ನೆಲ್ಲ ತಮ್ಮ ಕಿರಿಯ ಅಧಿಕಾರಿಗಳು ಬಲ್ಲರು. ಎಷ್ಟೋ ಮಂದಿ ಗಾರ್ಡುಗಳು ಎಲೆ ಮುಟ್ಟಿ ಗಿಡದ ಹೆಸರು ಹೇಳುತ್ತಾರೆ. ಅವರ ಕೈ ಕಟ್ಟಿರುವುದು ಲೆಕ್ಕದ ಪದ್ಧತಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ಪ್ರಕಟಿಸುವ ವರದಿಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ 10ಕ್ಕಿಂತ ಹೆಚ್ಚು ಮರದ ಮೇಲ್ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಭೂಮಿ ಯಾರದು ಎಂಬ ಪ್ರಶ್ನೆ ಇಲ್ಲ. ಒತ್ತಾಗಿ ನಿಂತ ಅಕೇಶಿಯಾ ಉಪಗ್ರಹದ ಚಿತ್ರದಲ್ಲಿ ಒಳ್ಳೆಯ ಕಾಡಾಗಿಯೇ ಕಾಣುತ್ತದೆ. ಅದನ್ನು ತೆರವು ಮಾಡಿ ಧೂಪ, ರಾಮಪತ್ರೆ, ಹೆಬ್ಬಲಸಿಗೆ ಜಾಗ ಬಿಟ್ಟ ವಲಯಾರಣ್ಯಾಧಿಕಾರಿಯ ವ್ಯಾಪ್ತಿಯಲ್ಲಿ ಮುಂದಿನ ವರದಿ ಬರುವಾಗ ಅರಣ್ಯ ‘ಕಡಿಮೆ’ಯಾಗಿರುತ್ತದೆ. ಸರಿಯಾದ ಕೆಲಸ ಮಾಡಿದವರು ನಷ್ಟ ಮಾಡಿದವರಂತೆ ಕಾಣುತ್ತಾರೆ.

ನೆಲದ ಮೇಲಿನ ಲೆಕ್ಕವೂ ಇದೇ ದಾರಿ ಹಿಡಿದಿದೆ. ನೆಟ್ಟ ಸಸಿ ಎಷ್ಟು, ಬದುಕಿದ್ದು ಶೇಕಡಾ ಎಷ್ಟು ಎಂದು ಕೇಳುತ್ತೇವೆ. ಸುಡುಬಿಸಿಲಿನ ಗುಡ್ಡದಲ್ಲಿ ಈ ಪರೀಕ್ಷೆಯನ್ನು ಯಾವಾಗಲೂ ಗೆಲ್ಲುವುದು ಅಕೇಶಿಯಾ, ಸೋಲುವುದು ಧೂಪ. ನಿರ್ವಹಣೆಯ ಹಣ ಮುಗಿದ ಮೇಲೆ ಆ ತೋಪಿನ ಕಡೆ ಅಳತೆಪಟ್ಟಿ ಹಿಡಿದು ಹೋಗುವವರಿಲ್ಲ. ಅಷ್ಟರಲ್ಲಿ ಅಧಿಕಾರಿಗೂ ವರ್ಗವಾಗಿರುತ್ತದೆ. ಮರದ ಆಯುಷ್ಯ ನೂರು ವರ್ಷ, ನಮ್ಮ ಕಡತದ ನೆನಪು ಮೂರು ನಾಲ್ಕು ವರ್ಷ. ಈ ಅಂತರವೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು.

ದೀರ್ಘಕಾಲ ಅಳೆಯುವುದು ನಮಗೆ ಅಪರಿಚಿತ ವಿದ್ಯೆಯೇನಲ್ಲ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ಕಾಡಿನಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿ ಗಿಡಕ್ಕೂ ಸಂಖ್ಯೆಯಿದೆ. ಸತ್ತದ್ದು, ಹೊಸದಾಗಿ ಬಂದದ್ದು ಎಲ್ಲವನ್ನೂ ದಾಖಲಿಸುತ್ತ ಬಂದಿದ್ದಾರೆ. ನಮ್ಮದೇ ಕೊಡಗಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1990ರ ಸುಮಾರಿನಿಂದ ನಿತ್ಯಹಸಿರು ಕಾಡಿನ ಮರಗಳನ್ನು ಅಳೆಯುತ್ತಿದೆ. ಆನೆಮಲೆಯ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವಿನ ಹಾಳುಬಿದ್ದ ಕಾಡಿನ ತುಣುಕುಗಳನ್ನು ಪರಿಸರ ವಿಜ್ಞಾನಿಗಳಾದ ದಿವ್ಯಾ ಮುದ್ದಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು ಎರಡು ದಶಕಕ್ಕೂ ಮಿಕ್ಕಿದ ಕಾಲದಿಂದ ಪುನಶ್ಚೇತನಗೊಳಿಸುತ್ತಿದ್ದಾರೆ. ಕಳೆ ತೆಗೆದು ಬಗೆಬಗೆಯ ಸ್ಥಳೀಯ ಜಾತಿಗಳನ್ನು ನೆಟ್ಟ ಜಾಗ, ಸುಮ್ಮನೆ ಬಿಟ್ಟ ಜಾಗ, ಕೆಡದ ಕಾಡು ಈ ಮೂರನ್ನೂ ಅಕ್ಕಪಕ್ಕ ಇಟ್ಟು ಅವರು ಅಳೆದರು. ಕೈಹಾಕಿದ ಜಾಗ ಬೇಗ ಚೇತರಿಸುತ್ತದೆ, ಆದರೂ ಮೂಲ ಕಾಡಿನ ಮಟ್ಟಕ್ಕೆ ಇನ್ನೂ ಬಹಳ ದೂರವಿದೆ ಎಂದು ಅವರಿಗೆ ಖಚಿತವಾಗಿ ಹೇಳಲು ಸಾಧ್ಯವಾದದ್ದು ಈ ಹೋಲಿಕೆಯಿಂದ. ಮಲೆನಾಡಿಗೆ ಬೇಕಾದ ಹೋಲಿಕೆಯ ಅಳತೆಗೋಲನ್ನು ನಮ್ಮ ಹಿರಿಯರೇ ಉಳಿಸಿ ಹೋಗಿದ್ದಾರೆ, ಅದು ಊರಿನ ಕಾನು. ಪ್ರತಿ ಅಕೇಶಿಯಾ ತೋಪಿನ ಜೊತೆ ಹತ್ತಿರದ ಒಂದು ಕಾನನ್ನು ಜೋಡಿ ಮಾಡಿ, ಎರಡರಲ್ಲೂ ಶಾಶ್ವತ ಅಳತೆ ಜಾಗ ಗುರುತಿಸಿ, ಐದು ವರ್ಷಕ್ಕೊಮ್ಮೆ ಅಳೆಯಿರಿ.

ಬಂಡೀಪುರ, ನಾಗರಹೊಳೆಯಲ್ಲಿ ಲಂಟಾನ ಮತ್ತು ಸೆನ್ನಾ ತೆರವಿಗೂ ಇದೇ ಮಾತು. ಇಷ್ಟು ಹೆಕ್ಟೇರ್ ತೆರವಾಯಿತು ಎಂಬ ಸಂಖ್ಯೆ ಕೇಳಿದಾಗೆಲ್ಲ ನನಗೆ ಬೇಕೆನಿಸುವುದು ಮೂರು ಮಳೆಗಾಲದ ನಂತರ ಅಲ್ಲಿ ಏನಿದೆ ಎಂಬ ಸುದ್ದಿ. ಲಂಟಾನದ ತಾಯಿಬೇರನ್ನು ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟರೆ ಅದು ಮತ್ತೆ ಚಿಗುರದು. ಬರೀ ಮೇಲಿನಿಂದ ಕೊಚ್ಚಿದರೆ ಬುಡದಿಂದ ದುಪ್ಪಟ್ಟು ಏಳುತ್ತದೆ. ಎರಡೂ ಬಗೆಯ ಕೆಲಸಕ್ಕೆ ಬಿಲ್ಲಿನಲ್ಲಿ ಒಂದೇ ಹೆಸರು.

ಇನ್ನೊಂದು ಮಾತು. ಬ್ಯಾಣದ ಹುಲ್ಲುನೆಲ, ಜಂಬಿಟ್ಟಿಗೆಯ ಹಾಸು, ಶೋಲೆಗಳ ನಡುವಿನ ಹುಲ್ಲುಗಾವಲು ಹಾಳಾದ ಕಾಡಲ್ಲ. ದಯವಿಟ್ಟು ಅಲ್ಲಿ ಸಸಿ ನೆಡಲು ಗುಂಡಿ ತೋಡಿಸಬೇಡಿ.

ಈ ತೋಪು, ಕಾನುಗಳನ್ನೆಲ್ಲ ಅಳೆಯಲು ಜನ ಎಲ್ಲಿ ಎಂದು ತಾವು ಕೇಳಬಹುದು. ಗ್ರಾಮ ಅರಣ್ಯ ಸಮಿತಿಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೂ ಇವೆ, ಎಷ್ಟೋ ಕಡೆ ಅವಕ್ಕೆ ಕೆಲಸವಿಲ್ಲ. ಎದೆಮಟ್ಟದ ಸುತ್ತಳತೆ ಹಿಡಿಯುವುದನ್ನು, ಮೊಳಕೆ ಎಣಿಸುವುದನ್ನು ಒಂದು ದಿನದಲ್ಲಿ ಕಲಿಸಬಹುದು. ಗಿಡದ ಹೆಸರನ್ನು ಯಾರೂ ಕಲಿಸಬೇಕಾಗಿಲ್ಲ, ಮುರುಗಲು, ಉಪ್ಪಾಗೆ ಹೆಕ್ಕಲು ಹೋಗುವ ಹೆಂಗಸರಿಗೆ ಅದು ಗೊತ್ತು. ಅವರಿಗೆ ಕೂಲಿ ಕೊಡಿ, ಪುಕ್ಕಟೆ ಸೇವೆ ಕೇಳಬೇಡಿ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಸಹಜ ಪುನರುತ್ಪತ್ತಿಗೆ ನೆರವಾಗುವ ಕೆಲಸಕ್ಕೂ ಹಣ ಬಳಸಲು ಅವಕಾಶ ಕೊಡುತ್ತದೆ. ಅಳತೆಯ ದಾಖಲೆಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯಲ್ಲಿ ಒಂದು ಪ್ರತಿ ಇಡಿಸಿ. ಅಧಿಕಾರಿ ವರ್ಗವಾದರೂ ಪುಸ್ತಕ ಊರಲ್ಲೇ ಇರಲಿ.

ಮಳೆ ನಿಂತ ಮೇಲೆ ಅಕೇಶಿಯಾ ಕಟಾವಿನ ಪಟ್ಟಿ ತಮ್ಮ ಮೇಜಿಗೆ ಬರುತ್ತದೆ. ಆ ಪಟ್ಟಿಯ ಪ್ರತಿ ತೋಪಿಗೂ ಅಡಿಯ ಗಿಡಗಳ ಎಣಿಕೆಯ ಹಾಳೆ ಲಗತ್ತಾಗಿರಬೇಕು, ಅದಿಲ್ಲದೆ ಕಟಾವಿಗೆ ಅನುಮತಿ ಇಲ್ಲ ಎಂಬ ಒಂದು ಆದೇಶವನ್ನು ಅದಕ್ಕೂ ಮೊದಲೇ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ. ಎಣಿಸಲು ನಮ್ಮೂರಿನವರು ಸಿದ್ಧರಿದ್ದೇವೆ, ಯಾವ ತೋಪಿನಿಂದ ಶುರು ಮಾಡಬೇಕು ತಿಳಿಸಿ.

ಇತಿ,
ಸಿದ್ದಾಪುರ ಸೀಮೆಯ ಒಬ್ಬ ಕೃಷಿಕ