ಪರದೆಯ ಮೇಲೆ ನಾಡಿ ಸಿಗುವುದಿಲ್ಲ



ಊಟ ಬಿಟ್ಟು ಸೊರಗುವ, ಹೊಟ್ಟೆ ಬಿರಿಯೆ ತಿಂದು ಕಕ್ಕುವ ಕಾಯಿಲೆಗಳಿಗೆ ಈಗ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಚಿಕಿತ್ಸೆ ಪಡೆಯಬಹುದು, ಆಸ್ಪತ್ರೆಯ ಮೆಟ್ಟಿಲು ಹತ್ತುವ ಸಂಕೋಚವೇ ಬೇಡ ಎಂದು ನಿಮ್ಮ ಪತ್ರಿಕೆಯ ಆರೋಗ್ಯ ಪುರವಣಿಯ ಬರಹವೊಂದು ಹೇಳಿದೆ. ಮೊದಲ ಮಾತಿಗೆ ನನ್ನ ಒಪ್ಪಿಗೆ ಇದೆ. ಎರಡನೆಯ ಮಾತು ಜೀವಕ್ಕೆ ಅಪಾಯ ತರುವಂಥದ್ದು. ತಾಲ್ಲೂಕು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಬಹಳ ವರ್ಷ ದುಡಿದು ನಿವೃತ್ತಳಾದ ನರ್ಸ್ ಆಗಿ ಇದನ್ನು ಬರೆಯುತ್ತಿದ್ದೇನೆ.

ಊಟ ಬಿಡುವ ಅನೊರೆಕ್ಸಿಯಾ, ತಿಂದು ಕಕ್ಕುವ ಬುಲಿಮಿಯಾ ಎಂಬ ಹೆಸರು ಹೊತ್ತು ಯಾರೂ ನಮ್ಮ ಆಸ್ಪತ್ರೆಗೆ ಬರುವುದಿಲ್ಲ. ತಲೆಸುತ್ತು ಎಂದು ಬರುತ್ತಾರೆ. ಮುಟ್ಟು ನಿಂತು ಐದಾರು ತಿಂಗಳಾಯಿತು ಎಂದು ತಾಯಿ ಕರೆತರುತ್ತಾಳೆ. ಮನೆಯವರು ಗ್ಯಾಸ್ಟ್ರಿಕ್ ಎನ್ನುತ್ತಾರೆ, ದೃಷ್ಟಿಯಾಗಿದೆ ಎನ್ನುತ್ತಾರೆ, ಪರೀಕ್ಷೆಯ ಟೆನ್ಷನ್ ಎನ್ನುತ್ತಾರೆ. ಕೈ ಹಿಡಿದರೆ ತಣ್ಣಗಿರುತ್ತದೆ, ನಾಡಿ ನಿಧಾನ, ಬಿಪಿ ಇಳಿದಿರುತ್ತದೆ. ಮನೋರೋಗಗಳ ಪೈಕಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ ಒಂದು. ಆ ಸಾವುಗಳಲ್ಲಿ ಆತ್ಮಹತ್ಯೆಯೂ ಇದೆ, ಹಸಿದು ಸೋತ ಹೃದಯ ನಿಂತುಹೋಗುವುದೂ ಇದೆ. ಬುಲಿಮಿಯಾದ ಕಥೆ ಇನ್ನೂ ಮೋಸದ್ದು. ನೋಡಲು ಮೈಕೈ ತುಂಬಿಕೊಂಡೇ ಇರುತ್ತಾರೆ. ಪದೇ ಪದೇ ವಾಂತಿಯಾಗಿ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತ ಹಾದಿ ತಪ್ಪುತ್ತದೆ. ಅದು ಮುಖದಲ್ಲಿ ಕಾಣುವುದಿಲ್ಲ. ರಕ್ತಪರೀಕ್ಷೆಯಲ್ಲಿ, ಇಸಿಜಿಯಲ್ಲಿ ಮಾತ್ರ ಕಾಣುತ್ತದೆ.

ಚೇತರಿಕೆಯಲ್ಲೂ ಅಪಾಯವಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಅನ್ನ ಇಕ್ಕಿದರೆ, ಗ್ಲೂಕೋಸ್ ಬಾಟಲಿ ಏರಿಸಿದರೆ, ರಕ್ತದ ಫಾಸ್ಫೇಟ್ ಮಟ್ಟ ಸರ್ರನೆ ಇಳಿದು ಹೃದಯ, ಉಸಿರಾಟ ಎರಡೂ ಕೈಕೊಡಬಹುದು. ಹಾಗಾಗಿ ತೀರಾ ಕೃಶವಾದವರಿಗೆ ಊಟವನ್ನು ವೈದ್ಯರ ಕಣ್ಗಾವಲಿನಲ್ಲಿ, ದಿನದಿನಕ್ಕೆ ರಕ್ತ ನೋಡುತ್ತಾ ಏರಿಸಬೇಕು. ದೂರದ ಊರಿನಿಂದ ಪರದೆಯಲ್ಲಿ ಮಾತನಾಡುವ ಆಪ್ತಸಮಾಲೋಚಕರು ಎಷ್ಟೇ ಒಳ್ಳೆಯವರಾದರೂ ಈ ಕೆಲಸ ಅವರಿಂದಾಗದು.

ನಮ್ಮ ಕಡೆಯ ಪಿಯುಸಿ ಹುಡುಗಿಯೊಬ್ಬಳಿಗೆ ಮನೆಯವರು ಒಂದು ಆ್ಯಪ್ ಮೂಲಕ ತಿಂಗಳುಗಟ್ಟಲೆ ಕೌನ್ಸೆಲಿಂಗ್ ಕೊಡಿಸಿದರು. ವಾರ ವಾರ ದುಡ್ಡು ಕಟ್ಟಿದರು. ಅಷ್ಟು ದಿನದಲ್ಲಿ ಒಬ್ಬರಾದರೂ ಒಂದು ಇಸಿಜಿ ಮಾಡಿಸಿ, ರಕ್ತ ಕೊಟ್ಟು ಬನ್ನಿ ಎನ್ನಲಿಲ್ಲ. ಕೊನೆಗೆ ಹುಡುಗಿ ಕಾಲೇಜಿನಲ್ಲಿ ಕುಸಿದು ಬಿದ್ದಾಗಲೇ ಪೊಟ್ಯಾಸಿಯಂ ಎಲ್ಲಿಗೆ ಇಳಿದಿದೆ ಎಂದು ತಿಳಿದದ್ದು. ಅವಳು ಬದುಕಿದಳು. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ, ಕೇಳಬೇಕಾದ್ದನ್ನು ಕೇಳದೆ ದುಡ್ಡು ತೆಗೆದುಕೊಂಡವರ ಮೇಲೆ ಇದೆ.

ಹಾಗೆಂದು ಆನ್‌ಲೈನ್ ಚಿಕಿತ್ಸೆಯೇ ಬೇಡ ಎಂದರೆ ಮಲೆನಾಡಿನ ನಮ್ಮಂಥವರಿಗೆ ಅನ್ಯಾಯ. ಈ ಕಾಯಿಲೆಯನ್ನು ಬಲ್ಲ ತಜ್ಞರು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿದ್ದಾರೆ. ಪ್ರತಿ ವಾರ ರಾತ್ರಿ ರೈಲು ಹತ್ತಿ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೆ ಹೋಗಿಬರಲು ಸಾಗರದ ಯಾವ ಕೂಲಿ ಕುಟುಂಬಕ್ಕೆ ಸಾಧ್ಯ? ಹದಿಹರೆಯದ ಅನೊರೆಕ್ಸಿಯಾಕ್ಕೆ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆ ಇಂದಿಗೂ ಗಟ್ಟಿ ಆಧಾರವಿರುವ ವಿಧಾನ. ಅದರಲ್ಲಿ ಮಗುವಿಗೆ ಊಟ ಮಾಡಿಸುವ ಹೊಣೆಯನ್ನು ತಂದೆತಾಯಿಯೇ ಹೊರುತ್ತಾರೆ. ಇಡೀ ಮನೆಯವರು ಚಿಕಿತ್ಸಕರ ಎದುರು ಕೂತು ಉಣ್ಣುವುದೂ ಅದರ ಭಾಗ. ವಿಡಿಯೊ ಕರೆಯಲ್ಲಾದರೆ ಚಿಕಿತ್ಸಕರು ಆ ಮನೆಯ ಅಡುಗೆಮನೆಯನ್ನೇ ಕಾಣುತ್ತಾರೆ. ಅಜ್ಜಿ ಬಡಿಸುವಾಗ ಏನಾಗುತ್ತದೆ, ಅಪ್ಪ ಯಾವ ಮಾತಿಗೆ ಸಿಡಿಯುತ್ತಾನೆ, ಎಲ್ಲವೂ ತಿಳಿಯುತ್ತದೆ. ಇದು ಆಸ್ಪತ್ರೆಯ ಕೋಣೆಯಲ್ಲಿ ಸಿಗದ ಅನುಕೂಲ.

ಆದರೆ ಪರದೆಯ ಆ ಕಡೆ ಕೂತವರಿಗೆ ಕನ್ನಡ ಬರಬೇಕು, ನಮ್ಮ ಊಟ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಮಗಳೊಬ್ಬಳೊಂದಿಗೇ ಮಾತಾಡಿ ಮುಗಿಸಿದರೆ, ಊಟ ಮಾಡಿಸಬೇಕಾದ ತಾಯಿ ಬಾಗಿಲಾಚೆಯೇ ಉಳಿಯುತ್ತಾಳೆ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪೊತ್ತು ಎಂದು ಹುಡುಗಿ ಒಂದೊಂದೇ ಊಟ ಬಿಡುತ್ತಾ ಬಂದರೆ ಮನೆಯಲ್ಲಿ ಭಕ್ತಿ ಎಂದು ಮೆಚ್ಚುತ್ತಾರೆ. ವ್ರತ ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಎಂದು ಕೇಳುವ ತಿಳಿವು ನಮ್ಮ ನೆಲದ ಪರಿಚಯ ಇದ್ದವರಿಗೇ ಇರುತ್ತದೆ.

ಇನ್ನು ಮನುಷ್ಯರೇ ಇಲ್ಲದ ಚಾಟ್‌ಬಾಟ್‌ಗಳ ವಿಷಯ. ನಿಮ್ಮ ಬರಹ ಅವನ್ನೂ ಹೊಗಳಿದೆ. ಅಮೆರಿಕದ ರಾಷ್ಟ್ರೀಯ ಈಟಿಂಗ್ ಡಿಸಾರ್ಡರ್ಸ್ ಸಂಘ 2023ರಲ್ಲಿ, ಎರಡು ದಶಕಕ್ಕೂ ಹೆಚ್ಚು ಕಾಲ ನಡೆದಿದ್ದ ತನ್ನ ಸಹಾಯವಾಣಿಯನ್ನು ಮುಚ್ಚಲು ಹೊರಟು, ‘ಟೆಸ್ಸಾ’ ಎಂಬ ಚಾಟ್‌ಬಾಟ್ ಕಡೆಗೆ ಜನರನ್ನು ಕಳಿಸತೊಡಗಿತು. ಊಟಕ್ಕೇ ಹೆದರುವ ಜನರಿಗೆ ಅದು ಕ್ಯಾಲೊರಿ ಕಡಿಮೆ ಮಾಡುವ, ತೂಕ ಇಳಿಸುವ ಸಲಹೆ ಕೊಟ್ಟಿತು. ದೂರು ಬಂದ ಮೇಲೆ ಮೇ ಕೊನೆಗೆ ಅದನ್ನು ನಿಲ್ಲಿಸಿದರು. ನಮ್ಮ ದೇಶದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಕೃತಕ ಬುದ್ಧಿಮತ್ತೆಯ ವೇದಿಕೆ ರೋಗಿಗೆ ಸಮಾಲೋಚನೆ ನೀಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ನಾವು ಚಿಕಿತ್ಸೆ ಕೊಡುತ್ತಿಲ್ಲ, ‘ವೆಲ್‌ನೆಸ್’ ಅಷ್ಟೇ ಎಂದು ಹೆಸರು ಬದಲಿಸಿಕೊಂಡವರು ಇದರಿಂದ ನುಣುಚಿಕೊಳ್ಳಲು ಬಿಡಬಾರದು.

ಆರೋಗ್ಯ ಇಲಾಖೆಯನ್ನು ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ ನಡೆಯುತ್ತಿದೆ. ಅದರ ವಿಡಿಯೊ ಸೌಲಭ್ಯ ಮೊದಲು ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತರುವ ಮನೋಚೈತನ್ಯ ಕಾರ್ಯಕ್ರಮ ನಮ್ಮಲ್ಲಿದೆ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ. ಇವು ಒಂದರ ಬಾಗಿಲು ಇನ್ನೊಂದಕ್ಕೆ ತೆರೆಯಲಿ. ಊಟದ ಕಾಯಿಲೆ ಎಂದು ಫೋನಿನಲ್ಲಿ ಅನುಮಾನ ಬಂದ ಕೂಡಲೇ ಹುಡುಗಿಯನ್ನು ಹತ್ತಿರದ ಆಸ್ಪತ್ರೆಗೆ ಕಳಿಸಿ, ತೂಕ, ನಾಡಿ, ಮಲಗಿದಾಗ ಮತ್ತು ನಿಂತಾಗಿನ ಬಿಪಿ, ಇಸಿಜಿ ನೋಡಿಸಬೇಕು. ಪೊಟ್ಯಾಸಿಯಂ ಪರೀಕ್ಷೆ ಇಲ್ಲದ ಕಡೆ ರಕ್ತದ ಮಾದರಿ ಜಿಲ್ಲಾಸ್ಪತ್ರೆಗೆ ಹೋಗಲಿ. ಈ ಪರೀಕ್ಷೆಗಳ ಫಲಿತಾಂಶದ ಚೀಟಿ ಫೋನಿನ ಆ ಕಡೆಯ ಚಿಕಿತ್ಸಕರ ಕೈ ಸೇರಲಿ. ತೂಕ ನೋಡುವ ನರ್ಸ್‌ಗಳಿಗೂ ಒಂದು ದಿನದ ತರಬೇತಿ ಬೇಕು. ‘ಸ್ವಲ್ಪ ದಪ್ಪ ಆಗಿದ್ದೀಯ, ಒಳ್ಳೆಯದಾಯ್ತು’ ಎಂದು ಪ್ರೀತಿಯಿಂದ ಆಡಿದ ಮಾತೇ ಈ ಮಕ್ಕಳಿಗೆ ಮುಳ್ಳಾಗುತ್ತದೆ. ಖಾಸಗಿ ಆ್ಯಪ್‌ಗಳಿಗೂ ಇದೇ ನಿಯಮ ಅನ್ವಯವಾಗಲಿ. ಊರಿನ ವೈದ್ಯರೊಬ್ಬರ ತಪಾಸಣೆ ಇಲ್ಲದೆ ಈ ಕಾಯಿಲೆಯ ಆನ್‌ಲೈನ್ ಚಿಕಿತ್ಸೆ ಮುಂದುವರಿಸಕೂಡದು.

ತಂದೆತಾಯಿಯರಲ್ಲಿ ಒಂದು ವಿನಂತಿ. ಯಾವ ಆ್ಯಪ್‌ಗಾದರೂ ದುಡ್ಡು ಕಟ್ಟುವ ಮುನ್ನ, ನಮ್ಮ ಮಗುವಿನ ಇಸಿಜಿ, ರಕ್ತಪರೀಕ್ಷೆ ಯಾರು ನೋಡುತ್ತಾರೆ ಎಂದು ಕೇಳಿ. ಉತ್ತರ ಬಾರದಿದ್ದರೆ ಕಟ್ಟಬೇಡಿ. ಮಗು ತಲೆತಿರುಗಿ ಬಿದ್ದರೆ, ಎದೆ ಡವಡವ ಎಂದರೆ ಯಾವ ಕರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತಾಡಬೇಕೆನಿಸಿದರೆ ಟೆಲಿ ಮನಸ್‌ನ ಸಂಖ್ಯೆ 14416. ಹಗಲೂ ರಾತ್ರಿಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

— ನಿವೃತ್ತ ಶುಶ್ರೂಷಾಧಿಕಾರಿ, ಸಾಗರ