‘ಪವರ್’ ಎಂಬ ಬಹುರೂಪಿ

ಇಂಗ್ಲಿಷ್ ಪರೀಕ್ಷೆಯಲ್ಲಿ ‘ಪವರ್’ ಎಂಬುದಕ್ಕೆ ಸಮಾನಾರ್ಥಕ ಪದ ಬರೆಯಿರಿ ಎಂದು ಕೇಳಿದರೆ ವಿದ್ಯಾರ್ಥಿಯು ‘ಫೋರ್ಸ್’ ಎಂದೋ ‘ಎನರ್ಜಿ’ ಎಂದೋ ‘ಸ್ಟ್ರೆಂತ್’ ಎಂದೋ ಬರೆಯುತ್ತಾನೆ. ಅಂಕ ಸಿಗುತ್ತದೆ. ಮಾರನೆಯ ದಿನ ವಿಜ್ಞಾನ ಪರೀಕ್ಷೆಯಲ್ಲಿ ಅದೇ ಧೈರ್ಯದಿಂದ ಪವರ್ ಇರಬೇಕಾದ ಜಾಗದಲ್ಲಿ ಫೋರ್ಸ್ ಎಂದು ಬರೆದರೆ ಅಂಕ ಹೋಗುತ್ತದೆ. ಯಾವ ಮೇಷ್ಟ್ರು ಸರಿ? ಇಬ್ಬರೂ ಸರಿ. ಮಕ್ಕಳಿಗೆ ಗೊಂದಲವಾಗುವುದೂ ಇಲ್ಲಿಯೇ.

ಈ ಪದದ ವೇಷಗಳನ್ನು ನೋಡಿ. ಮಂತ್ರಿಗಿರುವ ಪವರ್ ಎಂದರೆ ಅಧಿಕಾರ. ಆಸ್ತಿ ವ್ಯವಹಾರದಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಸಹಿ ಹಾಕಲು ಬರೆದುಕೊಡುವ ‘ಪವರ್ ಆಫ್ ಅಟಾರ್ನಿ’ಯೂ ಅಧಿಕಾರವೇ, ಆದರೆ ಎರವಲು ಕೊಟ್ಟದ್ದು. ದೊಡ್ಡ ರಾಷ್ಟ್ರಗಳೇ ‘ಪವರ್’ಗಳು. ರಾತ್ರಿ ದೀಪ ಆರಿದರೆ ‘ಪವರ್ ಹೋಯ್ತು’. ಗಣಿತದಲ್ಲಿ ಹತ್ತರ ಆರನೇ ಪವರ್ ಎಂದರೆ 10 ಲಕ್ಷ. ಕನ್ನಡ ಪುಸ್ತಕದಲ್ಲಿ ಇದು ‘ಘಾತ’. ಕನ್ನಡಕದ ಅಂಗಡಿಯಲ್ಲಿ ಕೇಳುವ ಪವರ್ ಬೇರೆಯೇ. ಮಸೂರದ ಸಂಗಮ ದೂರವನ್ನು ಮೀಟರಿನಲ್ಲಿ ಹೇಳಿ, 1ನ್ನು ಅದರಿಂದ ಭಾಗಿಸಿದರೆ ಬರುವ ಡಯಾಪ್ಟರ್ ಲೆಕ್ಕ ಅದು. ಮೈನಸ್ 2 ಎಂದು ಚೀಟಿಯಲ್ಲಿದ್ದರೆ ಅರ್ಧ ಮೀಟರ್ ಸಂಗಮ ದೂರದ ನಿಮ್ನ ಮಸೂರ ಎಂದರ್ಥ. ‘ಮಗನಿಗೆ ಪವರ್ ಜಾಸ್ತಿಯಾಗಿದೆ’ ಎಂದು ತಾಯಿ ಕಳವಳಪಡುವುದು ಗಾಜಿನ ಸಾಮರ್ಥ್ಯ ಹೆಚ್ಚಿದ್ದಕ್ಕೆ. ಕಣ್ಣಿನ ಸಾಮರ್ಥ್ಯವಂತೂ ಕಡಿಮೆಯೇ ಆಗಿರುತ್ತದೆ!

ಇಷ್ಟೊಂದು ಅರ್ಥಗಳಿಗೆ ಬೇರು ಒಂದೇ. ‘ಆಗಬಲ್ಲುದು, ಮಾಡಬಲ್ಲೆ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಹಳೆಯ ಫ್ರೆಂಚ್ ಮೂಲಕ ಪವರ್ ಇಂಗ್ಲಿಷಿಗೆ ಬಂತು. ‘ಪಾಸಿಬಲ್’, ‘ಪೊಟೆನ್ಷಿಯಲ್’ ಅದೇ ಮನೆತನದವು. ನಮ್ಮಲ್ಲಿಯೂ ಹೀಗೆಯೇ ಇರುವುದು ಸೋಜಿಗ. ಸಂಸ್ಕೃತದ ‘ಶಕ್’ ಧಾತುವಿಗೆ ‘ಸಮರ್ಥನಾಗು’ ಎಂದರ್ಥ. ಅದರಿಂದ ಶಕ್ತಿಯೂ ಬಂತು, ಶಕ್ಯವೂ ಬಂತು. ಪವರ್ ಮತ್ತು ಪಾಸಿಬಲ್‌ಗೆ ಇರುವ ನಂಟೇ ಶಕ್ತಿ ಮತ್ತು ಶಕ್ಯಕ್ಕೂ ಇದೆ.

ಈ ಎರಡರ್ಥದ ಸೊಗಸನ್ನು ಚೆನ್ನಾಗಿ ಬಳಸಿಕೊಂಡವನು ಇಂಗ್ಲೆಂಡಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್. ಉಗಿಯಂತ್ರ ಸುಧಾರಿಸಿದ ಜೇಮ್ಸ್ ವ್ಯಾಟ್‌ನ ಪಾಲುದಾರ ಈತ. 1776ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಕಾರ್ಖಾನೆ ನೋಡಲು ಬಂದ ಲೇಖಕ ಬಾಸ್ವೆಲ್‌ಗೆ, ಜಗತ್ತೆಲ್ಲ ಬಯಸುವ ಪವರ್ ಅನ್ನೇ ತಾನು ಮಾರುತ್ತಿರುವುದಾಗಿ ಹೇಳಿದ. ಅಧಿಕಾರವೋ, ಯಂತ್ರದ ಸಾಮರ್ಥ್ಯವೋ? ಕೇಳುವವರ ಜಾಣತನಕ್ಕೆ ಬಿಟ್ಟ.

ಆದರೆ ಮಾರಬೇಕಾದರೆ ಅಳತೆ ಬೇಕಲ್ಲ! ಆಗ ಗಿರಾಕಿಗಳ ಬಳಿ ಕೆಲಸಕ್ಕಿದ್ದುದು ಕುದುರೆಗಳು. ಒಂದು ಕುದುರೆ ಒಂದು ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಮಾಡುತ್ತದೆ ಎಂದು ವ್ಯಾಟ್ ಲೆಕ್ಕ ಕಟ್ಟಿದ. ಅದೇ ಹಾರ್ಸ್ ಪವರ್. ಇಂದಿನ ಲೆಕ್ಕದಲ್ಲಿ ಸುಮಾರು 746 ವ್ಯಾಟ್. ‘ಒಂದು ನಿಮಿಷಕ್ಕೆ’ ಎಂಬ ಮಾತನ್ನು ಗಮನಿಸಿ. ಎಷ್ಟು ಕೆಲಸ ಎಂಬುದಷ್ಟೇ ಅಲ್ಲ, ಎಷ್ಟು ಹೊತ್ತಿನಲ್ಲಿ ಎಂಬುದೂ ಸೇರಿದಾಗ ಮಾತ್ರ ಪವರ್.

ವಿಜ್ಞಾನಿಗಳೇ ಈ ಪದಗಳಲ್ಲಿ ಬಹಳ ಕಾಲ ತಡಕಾಡಿದರು. ‘ಎನರ್ಜಿ’ಯನ್ನು ಇಂದಿನ ಅರ್ಥಕ್ಕೆ ಹತ್ತಿರವಾಗಿ ಥಾಮಸ್ ಯಂಗ್ ಬಳಸಿದ್ದು 1807ರಲ್ಲಿ. ಅದಾಗಿ 40 ವರ್ಷಗಳ ನಂತರವೂ, 1847ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ಸಂರಕ್ಷಣೆಯ ಬಗ್ಗೆ ಬರೆದ ಪ್ರಖ್ಯಾತ ಪ್ರಬಂಧದ ತಲೆಬರಹದಲ್ಲಿ ಇದ್ದುದು ‘ಬಲ’ ಎಂಬರ್ಥದ ಪದ. ಅಂಥವರಿಗೇ ಹೀಗಾದರೆ ಹತ್ತನೇ ತರಗತಿಯ ಹುಡುಗನನ್ನು ಬೈಯುವುದು ಯಾವ ನ್ಯಾಯ?

ಕನ್ನಡದ ಪಠ್ಯಪುಸ್ತಕಗಳಲ್ಲಿ ಫೋರ್ಸ್ ‘ಬಲ’, ಎನರ್ಜಿ ‘ಶಕ್ತಿ’, ಪವರ್ ‘ಸಾಮರ್ಥ್ಯ’. ಮಾತಿನಲ್ಲಿ ಮೂರೂ ಒಂದೇ. ‘ಮೈಯಲ್ಲಿ ಬಲವಿಲ್ಲ’ ಎಂದರೂ ‘ಶಕ್ತಿಯಿಲ್ಲ’ ಎಂದರೂ ವೈದ್ಯರು ಅದೇ ಟಾನಿಕ್ ಬರೆಯುತ್ತಾರೆ. (ಬಲಕ್ಕೆ ಬಲಗಡೆ ಎಂಬರ್ಥವೂ ಇದೆ, ಸೈನ್ಯ ಎಂಬುದೂ ಇದೆ. ಬಹುರೂಪಿಗಳು ಇಂಗ್ಲಿಷಿನಲ್ಲಿ ಮಾತ್ರ ಇಲ್ಲ.) ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳು ಶಕ್ತಿ ಎಂದರೆ ಪವರ್ ಎಂದು ತಿಳಿದು ಎಡವುವುದು ಇಲ್ಲಿಯೇ. ನಿಘಂಟನ್ನು ನೋಡಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಅಲ್ಲಿ ಪವರ್ ಎಂಬುದಕ್ಕೆ ಮೊದಲು ಸಿಗುವ ಅರ್ಥವೇ ಸಾಮಾನ್ಯವಾಗಿ ‘ಶಕ್ತಿ’.

ವ್ಯತ್ಯಾಸ ತಿಳಿಯಲು ಶಾಲೆಯ ಮೆಟ್ಟಿಲು ಸಾಕು. 50 ಕಿಲೋಗ್ರಾಂ ತೂಕದ ಹುಡುಗಿ 3 ಮೀಟರ್ ಎತ್ತರದ ಮಹಡಿ ಹತ್ತಿದರೆ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, ಅವಳು ಮಾಡಿದ ಕೆಲಸ 1500 ಜೂಲ್. ಗೆಳತಿಯೊಡನೆ ಹರಟುತ್ತ 30 ಸೆಕೆಂಡಿನಲ್ಲಿ ಹತ್ತಿದರೆ ಸಾಮರ್ಥ್ಯ 50 ವ್ಯಾಟ್. ಗಂಟೆ ಹೊಡೆದದ್ದು ಕೇಳಿ 5 ಸೆಕೆಂಡಿನಲ್ಲಿ ಓಡಿದರೆ 300 ವ್ಯಾಟ್. ಕೆಲಸ ಎರಡು ಸಲವೂ 1500 ಜೂಲೇ.

ಅಪ್ಪ ಅಮ್ಮಂದಿರಿಗೆ ಈ ಪಾಠ ಕರೆಂಟ್ ಬಿಲ್ಲಿನಲ್ಲಿದೆ. ಇಸ್ತ್ರಿ ಪೆಟ್ಟಿಗೆಯ ಮೇಲೆ ಬರೆದ 1000 ವ್ಯಾಟ್ ಎಂಬುದು ಪವರ್. ಬಿಲ್ಲಿನಲ್ಲಿ ಹಣ ಕಟ್ಟುವ ‘ಯೂನಿಟ್’ ಎನರ್ಜಿ. 1000 ವ್ಯಾಟ್ ಪೆಟ್ಟಿಗೆ ಎಡೆಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್. ಅದೇ ಒಂದು ಯೂನಿಟ್‌ನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ‘ದೊಡ್ಡ ವ್ಯಾಟಿನ ಸಾಮಾನು ತಂದರೆ ಬಿಲ್ಲು ಜಾಸ್ತಿ’ ಎಂಬ ಮಾತು ಅರ್ಧ ಮಾತ್ರ ನಿಜ. ಎಷ್ಟು ಹೊತ್ತು ಎಂಬುದು ಉಳಿದರ್ಧ. 1500 ವ್ಯಾಟ್ ಕೆಟಲ್ ನಾಲ್ಕು ನಿಮಿಷದಲ್ಲಿ ನೀರು ಕಾಯಿಸಿ ಆರಿದರೆ ಯೂನಿಟ್‌ನ ಹತ್ತನೇ ಒಂದು ಭಾಗವಷ್ಟೇ ಖರ್ಚು.

ವಿದ್ಯುತ್ ಸುದ್ದಿಗಳಲ್ಲಿಯೂ ಈ ತೊಡಕು ಕಾಣುತ್ತದೆ. ‘ಗಂಟೆಗೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ’ ಎಂದು ಅಚ್ಚಾಗುವುದುಂಟು. ವ್ಯಾಟಿನೊಳಗೆ ಕಾಲ ಆಗಲೇ ಅಡಗಿದೆ, ಮತ್ತೆ ಗಂಟೆಗೆ ಎನ್ನಬೇಕಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅದು ಒಂದು ಗಂಟೆ ಪೂರ್ಣವಾಗಿ ನಡೆದರೆ ಹೊರಬರುವುದು 10,35,000 ಯೂನಿಟ್. ಹತ್ತು ಗಂಟೆ ನಡೆದರೆ ಎಷ್ಟು ಪವರ್, ಎಷ್ಟು ಎನರ್ಜಿ ಎಂದು ಮಕ್ಕಳನ್ನು ಕೇಳಿ ನೋಡಿ. ಮೊದಲನೆಯ ಪ್ರಶ್ನೆಯ ಉತ್ತರ ಬದಲಾಗಿಲ್ಲ ಎನ್ನುವ ಮಗುವಿಗೆ ವಿಷಯ ತಿಳಿದಿದೆ.